ಅಮ್ಮನ ಮುಂದೊಂದು ವ್ಯಾಸಪೀಠ

ಪಾರ್ಕಿನ್ಸನ್ ಕಾಯಿಲೆಯ ತಾಯಂದಿರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವ ಮಕ್ಕಳಿಗೆ, ಸೊಸೆಯಂದಿರಿಗೆ,



ನಿಮ್ಮಲ್ಲಿ ಹಲವರ ಹೆಸರು ನನಗೆ ಗೊತ್ತಿಲ್ಲ, ಮುಖ ಗೊತ್ತು. ನರರೋಗ ವಿಭಾಗದ ಹೊರಗಿನ ಬೆಂಚಿನ ಮೇಲೆ ಫೈಲು ಹಿಡಿದು ಕೂತಿರುತ್ತೀರಿ. ಟೋಕನ್ ನಂಬರ್ ಕೂಗುವ ಮೊದಲೇ ಅಮ್ಮನನ್ನು ಎಬ್ಬಿಸಲು ಶುರು ಮಾಡುತ್ತೀರಿ, ಏಳುವುದಕ್ಕೇ ಅವರಿಗೆ ಹೊತ್ತು ಬೇಕೆಂದು ನಿಮಗೆ ಗೊತ್ತು. ಅಲ್ಲಿ ನಾವು ಮಾತಾಡಿಕೊಳ್ಳುವುದು ಯಾವಾಗಲೂ ಅದೇ: ಯಾವ ಮಾತ್ರೆ, ದಿನಕ್ಕೆಷ್ಟು ಸಲ, ಬಿದ್ದಿದ್ದರಾ, ಮಲಬದ್ಧತೆಗೆ ಏನು ಕೊಡ್ತೀರಿ, ರಾತ್ರಿ ನಿದ್ದೆ ಮಾಡ್ತಾರಾ. ಆ ಬೆಂಚಿನ ಮೇಲೆ ಕೇಳಲಾಗದ ಒಂದು ಪ್ರಶ್ನೆಯನ್ನು ಇಲ್ಲಿ ಕೇಳುತ್ತೇನೆ. ನಿಮ್ಮ ಅಮ್ಮ ಈಗ ಏನು ಓದುತ್ತಿದ್ದಾರೆ?

ಕಾಯಿಲೆಯ ಮನೆಯಲ್ಲಿ ಇದೆಂಥ ಪ್ರಶ್ನೆ ಅನ್ನಿಸಬಹುದು. ಆದರೆ ನಮ್ಮ ಅಮ್ಮಂದಿರ ತಲೆಮಾರನ್ನು ನೆನೆಸಿಕೊಳ್ಳಿ. ಎಸ್ಸೆಸ್ಸೆಲ್ಸಿಗೋ ಅದಕ್ಕೂ ಮೊದಲೋ ಶಾಲೆ ಬಿಟ್ಟವರು, ಓದು ಬಿಡಲಿಲ್ಲ. 1965ರಲ್ಲಿ ‘ಸುಧಾ’ ಬಂತು, 1968ರಲ್ಲಿ ‘ಮಯೂರ’ ಬಂತು. ಅದಕ್ಕೂ ಮೊದಲಿನಿಂದ ‘ಕಸ್ತೂರಿ’ ಇತ್ತು. ವಾರದ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ದಾರದಲ್ಲಿ ಹೊಲಿದು, ಇಡೀ ಬೀದಿಗೆ ಓದಲು ಕೊಟ್ಟವರು ಇವರು. ಪೇಟೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕಿಷ್ಟೆಂದು ಬಾಡಿಗೆ ಕೊಟ್ಟು ತ್ರಿವೇಣಿಯನ್ನು, ಎಂ.ಕೆ. ಇಂದಿರಾ ಅವರನ್ನು, ಅನುಪಮಾ ನಿರಂಜನ ಅವರನ್ನು ಮನೆಗೆ ತಂದವರೂ ಇವರೇ. ಇವರು ಓದದೆ ಹೋಗಿದ್ದರೆ ಕನ್ನಡ ಕಾದಂಬರಿಗೆ ಆ ಕಾಲದಲ್ಲಿ ಅಷ್ಟು ಉಸಿರು ಇರುತ್ತಿರಲಿಲ್ಲ. ಇಂಥವರು ಕಾಯಿಲೆ ಬಿದ್ದಾಗ ನಾವು ಮಾತ್ರೆಯ ಡಬ್ಬಿ ತಂದೆವು, ಊರುಗೋಲು ತಂದೆವು, ಬಚ್ಚಲಿಗೆ ಹಿಡಿಕೆ ಹಾಕಿಸಿದೆವು. ಪುಸ್ತಕ ಮಾತ್ರ ಬಹಳ ಮನೆಗಳಲ್ಲಿ ಸದ್ದಿಲ್ಲದೆ ಕಪಾಟು ಸೇರಿತು.

ನನ್ನ ಅಮ್ಮನಿಗೆ ಎಪ್ಪತ್ತೆಂಟು ವರ್ಷ. ಸಾಗರದಲ್ಲಿ ಹುಟ್ಟಿ ಶಿವಮೊಗ್ಗಕ್ಕೆ ಮದುವೆಯಾಗಿ ಬಂದವಳು. ಅವಳಿಗೊಂದು ಅಭ್ಯಾಸವಿತ್ತು. ಯಾವ ಪುಸ್ತಕ ಓದಿ ಮುಗಿಸಿದರೂ ಕೊನೆಯ ಪುಟದ ಮೂಲೆಯಲ್ಲಿ ಮುಗಿಸಿದ ತಾರೀಖು, ಕೆಳಗೊಂದು ಮಾತು. ‘ಪರವಾಗಿಲ್ಲ.’ ‘ಅಳು ಬಂತು.’ ‘ಕೊನೆ ಎಳೆದದ್ದು ಜಾಸ್ತಿ.’ ಒಂದು ಪುಸ್ತಕಕ್ಕಂತೂ ‘ಇವರಿಗೆ ಅಡುಗೆಮನೆ ಗೊತ್ತಿಲ್ಲ’ ಎಂದು ಬರೆದಿದ್ದಾಳೆ. ಹಳೆಯ ಪುಸ್ತಕಗಳಲ್ಲಿ ಆ ಅಕ್ಷರ ದುಂಡಗೆ, ಮೂಲೆ ತುಂಬುವ ಹಾಗಿದೆ. ಕೈ ನಡುಗುವುದು ಶುರುವಾಗುವುದಕ್ಕೆ ಬಹಳ ಮೊದಲೇ ಅದು ಸಣ್ಣಗಾಗತೊಡಗಿದೆ. ಸಾಲಿನ ಮೊದಲ ಅಕ್ಷರ ಓದಬಹುದು, ಕೊನೆಯದು ಬರೀ ಚುಕ್ಕೆ. ಅಕ್ಷರ ಹೀಗೆ ಕುಗ್ಗುವುದು ಪಾರ್ಕಿನ್ಸನ್ನಿನ ಮೊದಲ ಗುರುತುಗಳಲ್ಲಿ ಒಂದು. ಅಮ್ಮನ ಕಾಯಿಲೆ ಯಾವಾಗಿನಿಂದ ಎಂದು ವೈದ್ಯರು ಕೇಳಿದಾಗ ನಾನು ಈ ಕೊನೆಯ ಪುಟಗಳ ಫೋಟೊ ತೋರಿಸಿದೆ. ಅವರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು.

ಪಾರ್ಕಿನ್ಸನ್ ಅಂದರೆ ಕೈ ನಡುಗುವುದು ಎಂದೇ ಜನ ತಿಳಿದಿದ್ದಾರೆ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ 1817ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧದ ಹೆಸರಿನಲ್ಲೂ ಇದ್ದದ್ದು ನಡುಕವೇ. ಜೊತೆಯಲ್ಲಿರುವ ನಮಗೆ ಗೊತ್ತು, ನಡುಕಕ್ಕಿಂತ ಮೈಯ ನಿಧಾನವೇ ದೊಡ್ಡದು. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತ ಬಂದ ಹಾಗೆ ಮೈಯ ಚಲನೆಯೆಲ್ಲ ಚಿಕ್ಕದಾಗುತ್ತದೆ. ಹೆಜ್ಜೆ ಚಿಕ್ಕದು, ಅಕ್ಷರ ಚಿಕ್ಕದು, ದನಿ ಚಿಕ್ಕದು, ಮುಖದ ಮೇಲಿನ ನಗೆ ಚಿಕ್ಕದು. ಇದು ಓದಿನ ಮೇಲೂ ಕೈ ಹಾಕುತ್ತದೆ. ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ‘ಅಮ್ಮನಿಗೆ ಈಗ ಪುಸ್ತಕದ ಮೇಲೆ ಮನಸ್ಸಿಲ್ಲ’ ಎಂದು ಎಷ್ಟೋ ಮನೆಗಳವರು ಹೇಳಿದ್ದನ್ನು ಕೇಳಿದ್ದೇನೆ, ಹಲವು ಸಲ ಅಲ್ಲಿ ಇದ್ದದ್ದು ಮನಸ್ಸಿನ ತೊಂದರೆಯಾಗಿರಲಿಲ್ಲ.

ಮೊದಲು ಕಣ್ಣು. ಈ ಕಾಯಿಲೆಯಲ್ಲಿ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗಿ ಉರಿಯುತ್ತದೆ. ಹತ್ತಿರದ ಅಕ್ಷರದ ಮೇಲೆ ಎರಡೂ ಕಣ್ಣು ಒಟ್ಟಿಗೆ ನಿಲ್ಲದೆ ಸಾಲು ಎರಡೆರಡಾಗಿ ಕಾಣಬಹುದು. ಒಂದು ಸಾಲಿನ ತುದಿಯಿಂದ ಮುಂದಿನ ಸಾಲಿನ ಮೊದಲಿಗೆ ಹಾರುವಾಗ ನೋಟ ತಪ್ಪಿಹೋಗುತ್ತದೆ. ಕನ್ನಡಕದ ನಂಬರ್ ಸರಿಯಾಗಿಯೇ ಇರುತ್ತದೆ, ಓದಲು ಮಾತ್ರ ಆಗುವುದಿಲ್ಲ. ಕಣ್ಣಿನ ವೈದ್ಯರ ಬಳಿ ಹೋದಾಗ ಪಾರ್ಕಿನ್ಸನ್ ಇದೆ ಎಂದು ಮರೆಯದೆ ಹೇಳಿ. ಕಣ್ಣಿಗೆ ಬಿಡುವ ತೇವದ ಹನಿಯಿಂದಲೇ ಅಮ್ಮನಿಗೆ ಅರ್ಧ ಸಮಾಧಾನ ಸಿಕ್ಕಿತು. ಇನ್ನರ್ಧ ಸಿಕ್ಕಿದ್ದು ಒಂದು ಹಳೆಯ ಮದುವೆ ಕರೆಯೋಲೆಯಿಂದ. ಆ ದಪ್ಪ ರಟ್ಟಿನಲ್ಲಿ ಎರಡು ಸಾಲು ಕಾಣುವಷ್ಟು ಉದ್ದನೆಯ ಕಿಂಡಿ ಕೊಯ್ದು ಕೊಟ್ಟೆ. ಪುಟದ ಮೇಲೆ ಅದನ್ನಿಟ್ಟು ಕೆಳಕ್ಕೆ ಜಾರಿಸುತ್ತ ಓದುತ್ತಾಳೆ. ಸಾಲು ತಪ್ಪುವುದಿಲ್ಲ.

ಆಮೇಲೆ ಕೈ. ಕಾದಂಬರಿಯ ಭಾರವನ್ನು ನಡುಗುವ ಕೈ ಹೊರಲಾರದು. ಹೊತ್ತರೂ ಅಕ್ಷರ ಅಲುಗುತ್ತಿರುತ್ತದೆ. ನಮ್ಮ ಮನೆಯಲ್ಲಿ ಅಜ್ಜ ಜೈಮಿನಿ ಭಾರತ ಓದುತ್ತಿದ್ದ ಮರದ ವ್ಯಾಸಪೀಠವೊಂದಿತ್ತು, ಮಡಚಿದರೆ ಹಲಗೆ, ಬಿಡಿಸಿದರೆ ಪೀಠ. ದೇವರ ಕೋಣೆಯ ಅಟ್ಟದಿಂದ ಅದನ್ನಿಳಿಸಿ ಎಣ್ಣೆಬಟ್ಟೆಯಲ್ಲಿ ಒರೆಸಿ ಅಮ್ಮನ ಊಟದ ಮೇಜಿನ ಮೇಲಿಟ್ಟೆವು. ಎತ್ತರ ಸರಿಹೋಯಿತು, ಕುತ್ತಿಗೆ ಬಗ್ಗಿಸುವ ಕಷ್ಟ ತಪ್ಪಿತು. ಪೂಜಾ ಸಾಮಾನಿನ ಅಂಗಡಿಗಳಲ್ಲಿ ಇದು ಈಗಲೂ ಸಿಗುತ್ತದೆ, ಹೆಚ್ಚು ದುಡ್ಡಿನದಲ್ಲ. ಒಂದು ಮಾತು: ಈಚೆಗಿನ ಪುಸ್ತಕಗಳ ಬೆನ್ನಿಗೆ ಬರೀ ಅಂಟು ಹಾಕಿರುತ್ತಾರೆ, ಪೀಠದ ಮೇಲೆ ಬಿಡಿಸಿಟ್ಟರೆ ಅವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಎರಡು ಕಡೆಗೂ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಬೇಕು.

ದಪ್ಪ ಪುಸ್ತಕಕ್ಕೆ ಇದೂ ಸಾಲದು. ‘ಮಲೆಗಳಲ್ಲಿ ಮದುಮಗಳು’ ಮತ್ತೊಮ್ಮೆ ಓದಬೇಕೆಂದು ಅಮ್ಮ ಹೇಳಿದಾಗ ನಾನು ಅದನ್ನು ಬೈಂಡಿಂಗ್ ಮಾಡುವವರ ಬಳಿ ಒಯ್ದು ಐದು ಭಾಗ ಮಾಡಿಸಿದೆ. ಪುಸ್ತಕ ಹರಿಯುವುದೆಂದರೆ ಅಮ್ಮನಿಗೆ ಸರಸ್ವತಿಗೆ ಕಾಲು ತಾಗಿಸಿದಷ್ಟೇ ಸಂಕಟ. ‘ಬ್ಯಾಡ ಮಾರಾಯ್ತಿ, ಕುವೆಂಪು ಪುಸ್ತಕ ಅದು’ ಎಂದಳು. ಆ ಬೈಂಡರ್ ಒಂದೊಂದು ಭಾಗಕ್ಕೂ ಕ್ಯಾಲಿಕೋ ಬಟ್ಟೆಯ ಬೆನ್ನು ಕಟ್ಟಿ, ಮೇಲೆ ಒಂದು, ಎರಡು, ಮೂರು ಎಂದು ಬರೆದು ಕೊಟ್ಟರು. ಪುಸ್ತಕ ಈಗ ಮೊದಲಿಗಿಂತ ಗಟ್ಟಿಯಾಗಿದೆ. ಅಮ್ಮ ಎರಡನೆಯ ಭಾಗವನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಿಲ ಬಾಗಿಲಲ್ಲಿ ಕೂತು ಓದುವಾಗ ಅದರ ಭಾರ ಒಂದು ವಾರಪತ್ರಿಕೆಯಷ್ಟೇ.

ಇನ್ನು ಹೊತ್ತು. ಲೆವೊಡೋಪಾ ಮಾತ್ರೆ ತೆಗೆದುಕೊಳ್ಳುವವರ ದಿನ ಗಡಿಯಾರದಂತೆ ಸಮನಾಗಿ ನಡೆಯುವುದಿಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ. ಮಾತ್ರೆ ಹತ್ತಿದ ಹೊತ್ತು ಬೇರೆ, ಇಳಿದ ಹೊತ್ತು ಬೇರೆ. ಹತ್ತಿದಾಗ ಕೈ ಹಗುರ, ಮಾತು ಸಲೀಸು. ಇಳಿದಾಗ ಮಗ್ಗುಲು ಬದಲಿಸಲೂ ಯಾರಾದರೂ ಬೇಕು. ಬೇಳೆ, ಹಾಲು, ಮೊಸರಿನ ಪ್ರೋಟೀನು ಮಾತ್ರೆಯ ದಾರಿಗೆ ಅಡ್ಡ ಬರುತ್ತದೆಂದು ಊಟಕ್ಕೆ ಮುಂಚೆಯೇ ಅದನ್ನು ಕೊಡಲು ಹೇಳುತ್ತಾರೆ. ಹೀಗೆ ಕಷ್ಟಪಟ್ಟು ಸಂಪಾದಿಸಿದ ಆ ಒಳ್ಳೆಯ ಹೊತ್ತನ್ನು ನಾವೆಲ್ಲ ಯಾವುದಕ್ಕೆ ಕೊಡುತ್ತೇವೆ? ಸ್ನಾನ, ಊಟ, ವ್ಯಾಯಾಮ, ಆಸ್ಪತ್ರೆ. ಎಲ್ಲ ಬೇಕಾದದ್ದೇ. ಆದರೆ ಹೆಂಗಸೊಬ್ಬಳ ದಿನದ ಒಳ್ಳೆಯ ಗಳಿಗೆಗಳೆಲ್ಲ ಅವಳ ಶರೀರದ ಸೇವೆಗೇ ಮುಗಿದರೆ ಉಳಿದ ಅವಳಿಗೆ ಏನು ಸಿಕ್ಕಿತು? ನಮ್ಮಲ್ಲಿ ಬೆಳಗಿನ ಎರಡನೆಯ ಮಾತ್ರೆಯ ಹೊತ್ತು ಓದಿನದು. ಆಗ ಸ್ನಾನಕ್ಕೆ ಕರೆಯುವುದಿಲ್ಲ, ಫೋನು ಕೊಡುವುದಿಲ್ಲ.

ಆ ಹೊತ್ತಿಗೆ ಸಣ್ಣ ಕತೆಗಳು ಬಹಳ ಒದಗುತ್ತವೆ. ನಿರಂಜನರು ಸಂಪಾದಿಸಿದ ‘ವಿಶ್ವಕಥಾಕೋಶ’ದ ಇಪ್ಪತ್ತೈದು ಸಂಪುಟಗಳು ನಿಮ್ಮ ಹತ್ತಿರದ ಗ್ರಂಥಾಲಯದಲ್ಲಿದ್ದರೆ ತನ್ನಿ. ಒಂದು ಕತೆ ಒಂದು ಕೂರಿಕೆಗೆ ಸರಿಯಾಗುತ್ತದೆ. ಪಾರ್ಶ್ವವಾಯು ಬಡಿದು ಅರ್ಧ ಶರೀರ ಕೈಕೊಟ್ಟ ಮೇಲೂ ನಿರಂಜನರು ಆ ಕೆಲಸ ಮಾಡಿಸಿ ಮುಗಿಸಿದ್ದು ಎಂದು ಅಮ್ಮನಿಗೆ ಹೇಳಿದಾಗ ಅವಳು ಪುಸ್ತಕ ಮುಚ್ಚಿ ಹೊದಿಕೆಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದಳು.

ದನಿಯ ವಿಷಯಕ್ಕೆ ಬರುತ್ತೇನೆ, ಈ ಪತ್ರ ಬರೆಯಲು ಹೊರಟದ್ದೇ ಮುಖ್ಯವಾಗಿ ಅದಕ್ಕಾಗಿ. ಕಾಯಿಲೆ ಮುಂದುವರಿದಂತೆ ಅಮ್ಮನ ದನಿ ಇಳಿಯುತ್ತ ಬಂತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದ್ದರೆ ಅವಳ ಮಾತು ಕೇಳುತ್ತಿರಲಿಲ್ಲ. ಅವಳಿಗಾದರೋ ತಾನು ಸರಿಯಾಗಿಯೇ ಮಾತಾಡುತ್ತಿದ್ದೇನೆ, ಮನೆಯವರಿಗೇ ಕಿವಿ ಮಂದ ಅನ್ನಿಸುತ್ತಿತ್ತು. ಈ ಕಾಯಿಲೆಯ ಲಕ್ಷಣವೇ ಹಾಗೆ, ತನ್ನ ದನಿ ಇಳಿದದ್ದು ತನಗೆ ತಿಳಿಯುವುದಿಲ್ಲ. ವಾಕ್ ಚಿಕಿತ್ಸಕಿ ಹೇಳಿದ್ದು ಸರಳ: ದಿನಾ ಗಟ್ಟಿಯಾಗಿ, ಕೂಗಿದೆನೇನೋ ಅನ್ನಿಸುವಷ್ಟು ಗಟ್ಟಿಯಾಗಿ, ಏನಾದರೂ ಓದಬೇಕು. ಅವರು ಕೊಟ್ಟ ಹಾಳೆಯಲ್ಲಿ ‘ನೀರು ಬೇಕು’, ‘ಬಾಗಿಲು ಹಾಕು’, ‘ಇವತ್ತು ಸೋಮವಾರ’ ಎಂಬ ವಾಕ್ಯಗಳಿದ್ದವು. ಅಮ್ಮ ಮರ್ಯಾದೆಗೆಂದು ಒಮ್ಮೆ ಓದಿದಳು. ಆಮೇಲೆ ಹಾಳೆಯನ್ನು ಮಡಚಿ ನನ್ನ ಕೈಗಿಟ್ಟು, ‘ಇಂದಿರಾ ಅವರದ್ದು ಯಾವುದಾದರೂ ಕೊಡು’ ಎಂದಳು.

ಹೀಗೆ ನಮ್ಮ ಮನೆಯಲ್ಲಿ ಓದುವವರು ಯಾರು, ಕೇಳುವವರು ಯಾರು ಎಂಬುದು ತಿರುಗಿತು. ನಾನು ತರಕಾರಿ ಹೆಚ್ಚುತ್ತ ಕೂರುತ್ತೇನೆ, ಅಮ್ಮ ಓದುತ್ತಾಳೆ. ‘ಫಣಿಯಮ್ಮ’ ಹಾಗೆ ಮುಗಿಯಿತು. ತೀರ್ಥಹಳ್ಳಿಯ ಕಡೆಯ ಬಾಲವಿಧವೆಯೊಬ್ಬಳ ಆ ಕತೆ ಪುಸ್ತಕವಾಗಿ ಬಂದದ್ದು 1976ರಲ್ಲಿ. ಎಂ.ಕೆ. ಇಂದಿರಾ ಶಾಲೆ ಓದಿದ್ದು ಕೆಲವೇ ವರ್ಷ, ಕಾದಂಬರಿಕಾರ್ತಿಯಾಗಿ ಕಾಣಿಸಿಕೊಂಡದ್ದು ನಲವತ್ತೈದು ದಾಟಿದ ಮೇಲೆ. ಅವರ ಬರಹದಲ್ಲಿ ಮಲೆನಾಡಿನ ಮನೆಮಾತೇ ನಡೆಯುತ್ತದೆ. ಆ ಮಾತು ಅಮ್ಮನ ಬಾಯಲ್ಲಿ ತಡೆಯಿಲ್ಲದೆ ಬರುವುದನ್ನು ಕೇಳಿದಾಗ ನನಗೆ ಕಂಡದ್ದಿಷ್ಟು: ಪರಿಚಿತ ನುಡಿಯ ಗದ್ಯ ನಾಲಗೆಗೆ ಸುಲಭ. ಉತ್ತರ ಕರ್ನಾಟಕದ ತಾಯಿಗೆ ಆ ಕಡೆಯವರ ಬರಹ ಕೊಡಿ, ಕರಾವಳಿಯವರಿಗೆ ಕರಾವಳಿಯದು ಕೊಡಿ. ಮಾತುಕತೆ ಹೆಚ್ಚಿರುವ ಪುಟಗಳು ಇನ್ನೂ ಒಳ್ಳೆಯದು, ಪಾತ್ರ ಬದಲಾದ ಹಾಗೆ ದನಿಯೂ ಏರಿಳಿಯುತ್ತದೆ. ಜಗಳದ ದೃಶ್ಯದಲ್ಲಿ ಅಮ್ಮನ ದನಿ ಪಕ್ಕದ ಮನೆಗೆ ಕೇಳಿದ್ದುಂಟು.

ಕಾವ್ಯವೂ ಒದಗಿತು, ನೆನೆಸದ ರೀತಿಯಲ್ಲಿ. ಶಿವಮೊಗ್ಗದ ಪಕ್ಕದಲ್ಲೇ ತುಂಗೆಯ ದಡದಲ್ಲಿ ಹೊಸಹಳ್ಳಿಯಿದೆ, ಗಮಕದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿ 2022ರಲ್ಲಿ ಪದ್ಮಶ್ರೀ ಬಂತು. ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಹೇಳುವುದು. ಓದನ್ನು ಇಬ್ಬರ ಕೆಲಸವಾಗಿ ಕಂಡ ಆ ಪದ್ಧತಿಯ ನಡುವೆ ಬೆಳೆದ ಅಮ್ಮನಿಗೆ ಕುಮಾರವ್ಯಾಸನ ಪದ್ಯಗಳು ಅಲ್ಲಲ್ಲಿ ಬಾಯಿಗೆ ಬರುತ್ತವೆ. ಗದ್ಯ ಓದಲಾಗದೆ ದಣಿದ ದಿನವೂ ಷಟ್ಪದಿ ಹೇಳಬಲ್ಲಳು. ಇದರಿಂದಲೇ ಇನ್ನೊಂದು ಸಂಗತಿ ಗೊತ್ತಾಯಿತು. ಬಾಗಿಲ ಹೊಸ್ತಿಲ ಬಳಿ ಅವಳ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ, ನಿಮ್ಮಲ್ಲಿ ಹಲವರ ಮನೆಯಲ್ಲೂ ಇದಿರುತ್ತದೆ. ನೆಲಕ್ಕೆ ಅಡ್ಡಪಟ್ಟಿ ಅಂಟಿಸಿ, ತಾಳ ಹಾಕಿ ಎಂದು ಫಿಸಿಯೋಥೆರಪಿಸ್ಟರು ಹೇಳಿಕೊಡುತ್ತಾರೆ. ಲಯ ಸಿಕ್ಕಿದರೆ ಕಾಲಿಗೆ ಬೇರೆ ದಾರಿ ಸಿಗುತ್ತದೆ. ಅಮ್ಮ ಭಾಮಿನಿ ಷಟ್ಪದಿ ಹೇಳುತ್ತ ನೋಡಿದಳು. ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳ ಆ ನಡೆ ಹೆಜ್ಜೆಗೆ ಹೊಂದಲಿಲ್ಲ. ನಾಲ್ಕು ನಾಲ್ಕರ ಸಮ ನಡೆಯ ಹಸೆಹಾಡು ಹೊಂದಿತು. ಈಗ ಬಚ್ಚಲಿಗೆ ಹೋಗುವಾಗ ಹೊಸ್ತಿಲ ಮುಂದೆ ನಿಂತು ಒಂದು ಸಾಲು ಗಟ್ಟಿಯಾಗಿ ಹೇಳಿ, ಎರಡನೆಯ ಸಾಲಿಗೆ ಬಲಗಾಲು ಎತ್ತಿ ಇಡುತ್ತಾಳೆ.

ಓದಿ ಹೇಳುವಾಗ ಒಂದನ್ನು ಮನಸ್ಸಿನಲ್ಲಿಡಿ, ಮುಖ ನೋಡಿ ತೀರ್ಮಾನಕ್ಕೆ ಬರಬೇಡಿ. ಮುಖದ ಸ್ನಾಯುಗಳು ಬಿಗಿದುಕೊಂಡು ನಮ್ಮ ತಾಯಂದಿರು ಕೇಳಿಸಿಕೊಳ್ಳುತ್ತಲೇ ಇಲ್ಲವೇನೋ ಎಂಬ ಹಾಗೆ ಕೂತಿರುತ್ತಾರೆ. ತೇಜಸ್ವಿಯವರ ‘ಕರ್ವಾಲೊ’ವನ್ನು ನಮ್ಮ ಮನೆಯಲ್ಲಿ ಓದುತ್ತಿದ್ದದ್ದು ನಾನು. ಮಂದಣ್ಣನ ಪ್ರಸಂಗಗಳಲ್ಲಿ ನನಗೇ ನಗು ತಡೆಯದೆ ಓದು ನಿಲ್ಲುತ್ತಿತ್ತು. ಅಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಪುಟ ತಿರುಗಿಸಲು ಹೋದಾಗ ಸಣ್ಣ ದನಿಯಲ್ಲಿ, ‘ಅದು ಇನ್ನೊಂದ್ಸಲ ಓದೇ’ ಎನ್ನುತ್ತಿದ್ದಳು. ರಾತ್ರಿ ಅಡುಗೆ ಮಾಡುವಾಗ ಹಿಂದಿನಿಂದ, ‘ಆ ಕಿವಿ ನಾಯಿ ಮುಂದೆ ಎಂತ ಆಯ್ತು?’ ಎನ್ನುವುದು. ನಗೆ ಒಳಗಿತ್ತು. ಹಾಗೆಯೇ ಉತ್ತರಕ್ಕೆ ಕಾಯಿರಿ. ಪ್ರಶ್ನೆ ಕೇಳಿದರೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಆ ನಡುವೆ ನಾವೇ ಇನ್ನೊಂದು ಪ್ರಶ್ನೆ ಹಾಕಿದರೆ ಮೊದಲನೆಯದು ಹಾಗೇ ಮುಳುಗಿಹೋಗುತ್ತದೆ.

ಮನೆಗೆ ಬರುವವರ ವಿಷಯ ಹೇಳದೆ ಮುಂದೆ ಹೋಗಲಾರೆ. ಅಮ್ಮ ಎದುರಿಗೆ ಕೂತಿರುವಾಗಲೇ ನನ್ನ ಕಡೆ ತಿರುಗಿ, ‘ಊಟ ಮಾಡ್ತಾರಾ? ಗುರುತು ಹಿಡೀತಾರಾ?’ ಎಂದು ಕೇಳುವವರಿದ್ದಾರೆ. ನಸುಗುನ್ನಿ ಬೀಜದ ಪುಡಿ ತಂದುಕೊಡುವವರಿದ್ದಾರೆ. ನಸುಗುನ್ನಿಯಲ್ಲಿ ಲೆವೊಡೋಪಾ ಇರುವುದು ನಿಜ, ಅದಕ್ಕೇ ಮಾತ್ರೆಯ ಮೇಲೆ ಅದನ್ನೂ ಸೇರಿಸಿದರೆ ಪ್ರಮಾಣ ತಪ್ಪುತ್ತದೆ. ವೈದ್ಯರನ್ನು ಕೇಳದೆ ಕೊಡಬೇಡಿ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂಬ ಪುಸ್ತಕಗಳನ್ನು ತರುವವರೂ ಇದ್ದಾರೆ. ಅಮ್ಮ ಅವನ್ನು ಕೈಯಲ್ಲಿ ಹಿಡಿದು ನೋಡಿ, ‘ಒಳ್ಳೇದು’ ಎಂದು ಪಕ್ಕಕ್ಕಿಡುತ್ತಾಳೆ. ರೋಗಿಗೆಂದು ಆರಿಸಿದ ಪುಸ್ತಕ ಅವಳಿಗೆ ಬೇಡ, ಓದುಗಾರ್ತಿಗೆಂದು ಆರಿಸಿದ್ದು ಬೇಕು.

ಇದನ್ನು ಅವಳು ಬಾಯಿಬಿಟ್ಟು ಹೇಳಿದ್ದು ತ್ರಿವೇಣಿಯವರ ‘ಶರಪಂಜರ’ ಓದುವಾಗ. ಆ ಕಾದಂಬರಿಯ ಕಾವೇರಿಗೆ ಬಾಣಂತನದಲ್ಲಿ ಬುದ್ಧಿ ಕೆಡುತ್ತದೆ. ಚಿಕಿತ್ಸೆಯಾಗಿ ವಾಸಿಯಾಗಿ ಮನೆಗೆ ಬರುತ್ತಾಳೆ, ಮನೆ ಮಾತ್ರ ಅವಳನ್ನು ವಾಸಿಯಾದವಳೆಂದು ಕಾಣುವುದಿಲ್ಲ. ಪುಟ್ಟಣ್ಣ ಕಣಗಾಲರ ಸಿನಿಮಾದಿಂದ ಕತೆ ಎಲ್ಲರಿಗೂ ಗೊತ್ತು. ಅಮ್ಮನೂ ಹರೆಯದಲ್ಲಿ ಅದನ್ನು ಓದಿ, ಕೊನೆಯ ಪುಟದಲ್ಲಿ ‘ಗಂಡನೇ ಸರಿಯಿಲ್ಲ’ ಎಂದು ಬರೆದಿಟ್ಟಿದ್ದಾಳೆ. ಈ ಸಲ ಓದು ಅರ್ಧಕ್ಕೆ ನಿಲ್ಲಿಸಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ಗಂಡ ಒಬ್ಬನೇ ಅಲ್ಲ ಮಗಾ. ಅವಳು ಹಾಲು ಕಾಸಿದರೂ ಎಲ್ಲ ಅವಳ ಕೈ ನೋಡ್ತಾರೆ. ನಕ್ಕರೂ ನೋಡ್ತಾರೆ. ಹಾಗೆ ನೋಡ್ತಾ ಇದ್ರೆ ಯಾರು ಸರಿ ಇರ್ತಾರೆ?’ ಹೇಳುವಾಗ ಅವಳ ಬಲಗೈ ಪುಟದ ಮೇಲೆ ನಡುಗುತ್ತಿತ್ತು. ನಾನು ಅದನ್ನು ಹಿಡಿದುಕೊಳ್ಳಲು ಹೋಗಲಿಲ್ಲ. ಬದಲಿಗೆ, ಕಾವೇರಿಯ ಅಪ್ಪ-ಅಮ್ಮ ಇನ್ನೇನು ಮಾಡಬಹುದಿತ್ತು ಎಂದು ವಾದಕ್ಕೆ ಕೂತೆ. ಆವತ್ತು ಮಧ್ಯಾಹ್ನದ ತನಕ ನಾವು ಜಗಳವಾಡಿದೆವು. ಅವಳೇ ಗೆದ್ದಳು.

ಸ್ನೇಹಿತರೇ, ನಾನು ಹೇಳಬೇಕೆಂದಿರುವುದು ಈ ವಾದದ ಬಗ್ಗೆಯೇ. ತೊಳೆಸಿಕೊಳ್ಳುವ, ಉಣಿಸಿಕೊಳ್ಳುವ, ಎತ್ತಿ ಕೂರಿಸಿಕೊಳ್ಳುವ ಸ್ಥಿತಿಗೆ ಬಂದವರಿಗೆ ದಿನವಿಡೀ ಬೇರೆಯವರು ಕೊಡುವುದು, ತಾವು ತೆಗೆದುಕೊಳ್ಳುವುದು. ಪುಸ್ತಕದ ಮುಂದೆ ಕೂತಾಗ ಮಾತ್ರ ಅದು ತಿರುಗುತ್ತದೆ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡ ತ್ರಿವೇಣಿಯ ಪುಸ್ತಕಗಳು ಒಂದೊಂದಾಗಿ ಬಂದಾಗ ಓದಿದ ನೆನಪು ಅಮ್ಮನಿಗಿದೆ, ನನಗಿಲ್ಲ. ‘ಸೀರೆಯ ಸೆರಗಿನಲ್ಲಿ ಪುಸ್ತಕ ಮುಚ್ಚಿಕೊಂಡು ಹೋಗ್ತಿದ್ವಿ’ ಎಂದು ಅವಳು ಹೇಳಿದರೆ ನಾನು ಕೇಳಬೇಕು. ಅಭಿಪ್ರಾಯ ಕೇಳಿ. ನಿಮ್ಮದನ್ನೂ ಹೇಳಿ. ಕಾಯಿಲೆಯವರೆಂದು ಒಪ್ಪಿಬಿಡಬೇಡಿ, ತಪ್ಪೆನಿಸಿದರೆ ತಪ್ಪೆನ್ನಿ.

ದೂರದಲ್ಲಿರುವ ಅಣ್ಣ-ತಮ್ಮ-ಅಕ್ಕ-ತಂಗಿಯರಿಗೂ ಇದರಲ್ಲಿ ಕೆಲಸವಿದೆ. ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಅವನ ಭಾನುವಾರದ ಫೋನು ಮಾತ್ರೆಯಿಂದ ಶುರುವಾಗಿ ಮಾತ್ರೆಯಲ್ಲೇ ಮುಗಿಯುತ್ತಿತ್ತು. ಅಮ್ಮ ‘ಹೂಂ, ಹೂಂ’ ಎಂದು ಫೋನು ನನಗೆ ಕೊಡುತ್ತಿದ್ದಳು. ಈಗ ಅವನು ಮಾಸ್ತಿಯವರ ಒಂದು ಕತೆಯನ್ನು ವೀಡಿಯೊ ಕರೆಯಲ್ಲಿ ಓದುತ್ತಾನೆ. ಅವನ ಮಗಳು ಪಕ್ಕದಲ್ಲಿ ಕೂತು ಅರ್ಥವಾಗದ ಶಬ್ದಗಳನ್ನು ಕೇಳುತ್ತಾಳೆ, ಅಮ್ಮ ಹೇಳುತ್ತಾಳೆ. ದುಡ್ಡು ಕಳಿಸುವವರು, ವೈದ್ಯರ ಜೊತೆ ಮಾತಾಡುವವರು ಇದನ್ನೂ ಮಾಡಲಿ.

ಎಲ್ಲ ದಿನವೂ ಹೀಗಿರುತ್ತದೆ ಎಂದು ನಾನು ಹೇಳಿದರೆ ನೀವು ನಂಬಬೇಡಿ. ಕೋಣೆಯ ಮೂಲೆಯಲ್ಲಿ ಮಕ್ಕಳು ಕೂತಿದ್ದಾರೆ, ಅವಕ್ಕೆ ಊಟ ಹಾಕು ಎಂದು ಅಮ್ಮ ರಾತ್ರಿಯಿಡೀ ಹೇಳಿದ್ದುಂಟು. ಇದು ಕಾಯಿಲೆಯಿಂದಲೂ ಬರಬಹುದು, ಮಾತ್ರೆಯಿಂದಲೂ ಬರಬಹುದು, ಮೂತ್ರದ ಸೋಂಕಿನಂಥ ಬೇರೆ ಕಾರಣದಿಂದಲೂ ದಿಢೀರೆಂದು ಹೆಚ್ಚಬಹುದು. ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಅಂಥ ದಿನ ಪುಸ್ತಕ ಮುಂದಿಡಬೇಡಿ. ವಾರಗಟ್ಟಲೆ ಯಾವ ಪುಸ್ತಕವೂ ಬೇಡವೆನ್ನುವ ಕಾಲವೂ ಬರುತ್ತದೆ. ಆಸಕ್ತಿ ಆರುವುದು, ಮನಸ್ಸು ಕುಗ್ಗುವುದು ಈ ಕಾಯಿಲೆಯ ಭಾಗವೇ, ಅದಕ್ಕೂ ಔಷಧಿಯಿದೆ, ಕೇಳಿ. ಮತ್ತೆ ನಮ್ಮ ಪಾಡು. ಬೆನ್ನು ನೋವು, ನಿದ್ದೆಗೇಡು, ರೇಗು. ಅಮ್ಮ ಓದುತ್ತಿರುವ ಹೊತ್ತು ನನ್ನ ದಿನದಲ್ಲಿ ನಾನು ಯಾರನ್ನೂ ಎತ್ತದ, ಯಾರಿಗೂ ಏನನ್ನೂ ನೆನಪಿಸದ ಹೊತ್ತು. ಸುಮ್ಮನೆ ಕೂತು ಕತೆ ಕೇಳುವ ಆ ಹೊತ್ತು ನನಗೂ ಬೇಕು. ಪುಸ್ತಕದಿಂದ ಪಾರ್ಕಿನ್ಸನ್ ವಾಸಿಯಾಗುವುದಿಲ್ಲ, ನಿಧಾನವೂ ಆಗುವುದಿಲ್ಲ. ಆದರೆ ಅಮ್ಮ ಅಮ್ಮನಾಗಿ ಸಿಗುತ್ತಾಳೆ.

ನಾವೆಲ್ಲ ಸೇರಿ ಕೇಳಬೇಕಾದ ಕೆಲವು ಸಂಗತಿಗಳಿವೆ. ಹಳೆಯ ಜನಪ್ರಿಯ ಕಾದಂಬರಿಗಳನ್ನು ಮರುಮುದ್ರಿಸುವಾಗ ಪ್ರಕಾಶಕರು ಕಾಗದ ಉಳಿಸಲೆಂದು ಅಕ್ಷರವನ್ನು ಸಣ್ಣದು ಮಾಡುತ್ತಾರೆ. ಅವನ್ನು ಪ್ರೀತಿಯಿಂದ ಓದುವವರೇ ಈಗ ಎಪ್ಪತ್ತು ದಾಟಿದ್ದಾರೆ. ದೊಡ್ಡ ಅಕ್ಷರ, ಹೊಲಿಗೆಯ ಬೆನ್ನು, ತೆಳುವಾದ ಎರಡು ಭಾಗ, ಇಷ್ಟಿದ್ದರೆ ನಾವು ಹೆಚ್ಚಿನ ಬೆಲೆ ಕೊಟ್ಟೂ ಕೊಳ್ಳುತ್ತೇವೆ ಎಂದು ಅವರಿಗೆ ಪತ್ರ ಬರೆಯೋಣ. 1965ರ ಕಾಯಿದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವೂ ಹೋಗುತ್ತದೆ. ಆ ದುಡ್ಡಿನ ಗ್ರಂಥಾಲಯ ಮಹಡಿಯ ಮೇಲಿದ್ದರೆ ನಮ್ಮ ತಾಯಂದಿರಿಗೆ ಅದರ ಬಾಗಿಲು ಕಾಣುವುದೇ ಇಲ್ಲ. ಶಾಖಾ ಗ್ರಂಥಾಲಯದವರು ಕಾಯಿಲೆಯವರ ಮನೆಗೆ ಪುಸ್ತಕ ಕಳಿಸುವ ಏರ್ಪಾಡು ಮಾಡಲಿ ಎಂದು ಕೇಳೋಣ. ನಾವು ಹೋಗಿ ತರಲೂ ಸಿದ್ಧ, ಕಾರ್ಡು ಅಮ್ಮನ ಹೆಸರಿನಲ್ಲೇ ಇರಲಿ.

ನಮ್ಮ ಮನೆಯಲ್ಲಿ ಈಗೊಂದು ತಕರಾರು ನಡೆದಿದೆ. ಮುಂದೆ ‘ಗೃಹಭಂಗ’ ಓದಬೇಕೆಂದು ಅಮ್ಮ ಹೇಳಿದ್ದಾಳೆ. 1970ರ ಭೈರಪ್ಪನವರ ಆ ಕಾದಂಬರಿಯಲ್ಲಿ ಪ್ಲೇಗು ಬರುತ್ತದೆ, ನಂಜಮ್ಮನ ಬೆಳೆದ ಮಕ್ಕಳು ಒಬ್ಬರ ಹಿಂದೊಬ್ಬರು ಹೋಗುತ್ತಾರೆ, ಕೊನೆಗೆ ಅವಳೂ ಹೋಗುತ್ತಾಳೆ. ಕಾಯಿಲೆಯವಳಿಗೆ ಅದು ಬೇಡ ಎಂದು ತಮ್ಮ ಫೋನಿನಲ್ಲಿ ಹಟ ಹಿಡಿದ. ಅಮ್ಮ ಗಟ್ಟಿದನಿಯಲ್ಲಿ, ಅಭ್ಯಾಸದ ಹಾಳೆಯಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಹೇಳಿದಳು: ‘ನಂಜಮ್ಮ ಅಷ್ಟು ಕಷ್ಟದಲ್ಲೂ ಹೇಗೆ ಮನೆ ನಡೆಸಿದಳು ಅಂತ ನಿನಗಿಂತ ನನಗೆ ಗೊತ್ತು. ಓದೋದು ನಾನು, ನೀನಲ್ಲ.’ ಪುಸ್ತಕ ಬೈಂಡರ ಬಳಿ ಹೋಗಿದೆ. ಮೂರು ಭಾಗ ಮಾಡಲು ಹೇಳಿದ್ದೇನೆ, ಬುಧವಾರ ಕೊಡುತ್ತಾರೆ.

ನಿಮ್ಮ ಅಮ್ಮ ಏನು ಓದುತ್ತಿದ್ದಾರೆ, ಯಾವ ಪುಸ್ತಕ ನಾಲಗೆಗೆ ಸುಲಭವಾಯಿತು, ಯಾವುದಕ್ಕೆ ಜಗಳವಾಯಿತು, ಮುಂದಿನ ಸಲ ಬೆಂಚಿನ ಮೇಲೆ ಸಿಕ್ಕಾಗ ಹೇಳಿ. ನಮ್ಮ ಪಟ್ಟಿಗೆ ಪುಸ್ತಕಗಳು ಬೇಕಾಗಿವೆ.

ನಿಮ್ಮಂಥವಳೇ ಆದ
ಒಬ್ಬ ಮಗಳು
ಶಿವಮೊಗ್ಗ